ಸಾವಿನ ದಾಖಲೆಯಿಂದ ಬದುಕಿನ ಕಡೆಗೆ: ಯುದ್ಧದಲ್ಲಿ ಮಡಿದ ಹಳ್ಳಿಯ ಸಿಪಾಯಿಯನ್ನು ಹುಡುಕುವ ಬಗೆ

ಯುದ್ಧದಲ್ಲಿ ಮಡಿದ ಹಳ್ಳಿಯ ಸಿಪಾಯಿಯೊಬ್ಬನ ಜೀವನವನ್ನು ತಿಳಿಯಲು ಹೊರಟವರಿಗೆ ಆರಂಭದಲ್ಲೇ ಒಂದು ಅಸಮತೋಲ ಕಣ್ಣಿಗೆ ಬೀಳುತ್ತದೆ. ಆತ ಸತ್ತ ದಿನ, ಆಗ ಆತನಿದ್ದ ರೆಜಿಮೆಂಟು, ಆತನ ಹೆಸರಿರುವ ಸ್ಮಾರಕ ಇವು ಮೂರೂ ಒಂದೇ ಸಂಜೆಯಲ್ಲಿ ಸಿಕ್ಕಿಬಿಡಬಹುದು. ಆದರೆ ಆತ ಹುಟ್ಟಿದ ವರ್ಷ, ಉಳುತ್ತಿದ್ದ ಹೊಲ, ದಂಡಿಗೆ ಸೇರಲು ಇದ್ದ ಕಾರಣ, ಆತನ ಹಿಂದೆ ಉಳಿದ ಹೆಂಡತಿ ಮಕ್ಕಳ ಗತಿ ಇವು ಯಾವ ಒಂದು ಕಡತದಲ್ಲಿಯೂ ಒಟ್ಟಾಗಿ ಇರುವುದಿಲ್ಲ. ಸೈನ್ಯದ ಕಾಗದಪತ್ರಗಳು ಸಂಬಳ ಕೊಡಲು, ಪಿಂಚಣಿ ತೀರ್ಮಾನಿಸಲು, ಪಡೆಯಲ್ಲಿ ಎಷ್ಟು ಜನ ಉಳಿದರು ಎಂದು ಎಣಿಸಲು ಹುಟ್ಟಿಕೊಂಡವು. ಒಬ್ಬ ಮನುಷ್ಯನ ಬದುಕನ್ನು ಕಾಪಿಡುವ ಉದ್ದೇಶ ಅವುಗಳಿಗೆ ಇರಲಿಲ್ಲ. ಹೀಗಾಗಿ ಬೇರೆ ಬೇರೆ ಕೆಲಸಗಳಿಗಾಗಿ ಬರೆದಿಟ್ಟ ಕಾಗದಗಳಿಂದ ಒಂದು ಬದುಕನ್ನು ಕಟ್ಟಿಕೊಳ್ಳುವುದೇ ಈ ಸಂಶೋಧನೆಯ ನಿಜವಾದ ಕೆಲಸ, ಮತ್ತು ಆ ಕೆಲಸದ ಅರ್ಧ ಭಾಗ ಇಂದಿಗೂ ಪತ್ರಾಗಾರಗಳಿಂದ ಹೊರಗೆ, ಹಳ್ಳಿಯಲ್ಲಿಯೇ ಇದೆ. ಕನ್ನಡ ನಾಡಿನಿಂದ ಎರಡು ಮಹಾಯುದ್ಧಗಳಿಗೆ ಹೋದವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸ್ವಾತಂತ್ರ್ಯದ ನಂತರದ ಯುದ್ಧಗಳ ವಿಷಯ ಕೊನೆಯಲ್ಲಿ ಬರುತ್ತದೆ.

ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 13 ಲಕ್ಷ ಜನ ಸಮುದ್ರ ದಾಟಿ ಹೋದರು, ಸುಮಾರು 74 ಸಾವಿರ ಜನ ಮಡಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೇನೆಯ ಬಲ 25 ಲಕ್ಷಕ್ಕೆ ಏರಿತ್ತು, ಸತ್ತವರು ಸುಮಾರು 87 ಸಾವಿರ. ಕನ್ನಡ ಮಾತನಾಡುವವರು ಇವರಲ್ಲಿ ಒಂದೇ ರೆಜಿಮೆಂಟಿನಲ್ಲಿ ಒಟ್ಟಾಗಿ ಇರಲಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಬೆಳಗಾವಿ, ಧಾರವಾಡ ಸೀಮೆಯವರು ಮರಾಠಾ ಪಲ್ಟನುಗಳಿಗೆ ಸೇರಿರಬಹುದು. ಹಳೆಯ ಮೈಸೂರು ಮತ್ತು ಬೆಂಗಳೂರಿನ ಸುತ್ತಲಿನವರು ಸೇತುವೆ, ರಸ್ತೆ ಕಟ್ಟುವ ಮದ್ರಾಸ್ ಸ್ಯಾಪರ್ಸ್, ಪಯೋನಿಯರ್ಸ್ ಪಡೆಗಳಲ್ಲಿ ಅಥವಾ ಮೈಸೂರು ಸಂಸ್ಥಾನದ ಸ್ವಂತ ಪಡೆಗಳಲ್ಲಿ ಇದ್ದಿರಬಹುದು. ಬಂದೂಕು ಹಿಡಿಯದೆ ಹೇಸರಗತ್ತೆಗಳನ್ನು ಹೊಡೆದವರು, ಗಾಯಾಳುಗಳನ್ನು ಹೊತ್ತವರು, ಅಡುಗೆ ಮಾಡಿದವರು, ರಸ್ತೆ ಕಡಿದವರು ಕೂಡ ಅದೇ ನೆಲದಲ್ಲಿ ಸತ್ತಿದ್ದಾರೆ. ಹಳ್ಳಿಯಲ್ಲಿ ಎಲ್ಲರನ್ನೂ ‘ಮಿಲ್ಟ್ರಿಗೆ ಹೋದವರು’ ಎಂದೇ ನೆನೆಯುತ್ತಾರೆ. ಆದರೆ ದಾಖಲೆಯಲ್ಲಿ ಒಬ್ಬೊಬ್ಬರು ಒಂದೊಂದು ಪಟ್ಟಿಯಲ್ಲಿ ಸೇರಿರುವುದರಿಂದ, ತಪ್ಪು ಪಟ್ಟಿಯಲ್ಲಿ ಹುಡುಕಿ ‘ಇಲ್ಲ’ ಎಂದುಕೊಂಡರೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಹುಡುಕಾಟವನ್ನು ಹಳ್ಳಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಂಡನ್ನಿನ ಪತ್ರಾಗಾರದ ಕಾಗದ ಇನ್ನೂ ಹತ್ತು ವರ್ಷ ಅಲ್ಲಿಯೇ ಇರುತ್ತದೆ. ಎಂಬತ್ತೆಂಟು ವರ್ಷದ ಅಜ್ಜಿಯ ನೆನಪು ಕಾಯುವುದಿಲ್ಲ. ಸಿಪಾಯಿಯ ಮೊಮ್ಮಕ್ಕಳನ್ನು, ಅಣ್ಣತಮ್ಮಂದಿರ ಕಡೆಯವರನ್ನು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಮನೆಯವರನ್ನು ಬೇರೆಬೇರೆಯಾಗಿ ಮಾತನಾಡಿಸಬೇಕು. ಹೆಣ್ಣುಮಕ್ಕಳ ಕಡೆಯನ್ನು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ಆದರೆ ವಿಧವೆಗೆ ಏನಾಯಿತು, ಪಿಂಚಣಿ ಹಣ ಯಾರ ಕೈ ಸೇರಿತು, ಪತ್ರ ಓದಿ ಹೇಳಿದವರು ಯಾರು ಎಂಬ ಸಂಗತಿಗಳು ಆ ಮನೆಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಉಳಿದಿರುತ್ತವೆ. ಉತ್ತರ ಕರ್ನಾಟಕದಲ್ಲಾದರೆ ಹೆಳವರನ್ನು ಕೇಳಬಹುದು. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡು ಊರೂರಿಗೆ ಬಂದು ಓದಿ ಹೇಳುವ ಅವರ ಪುಸ್ತಕಗಳಲ್ಲಿ ಸಿಪಾಯಿಯ ತಂದೆ, ಅಜ್ಜ, ಮೂಲ ಊರು, ಬೆಡಗು ಸಿಗುವ ಸಾಧ್ಯತೆ ಇದೆ. ಭಾರತದ ಜನಗಣತಿಯಲ್ಲಿ ಮನೆಮನೆಯ ಹಾಳೆಗಳನ್ನು ಉಳಿಸಿಕೊಂಡಿಲ್ಲವಾದ್ದರಿಂದ, ನೂರು ವರ್ಷದ ಹಿಂದಿನ ಸಾಮಾನ್ಯ ರೈತ ಕುಟುಂಬದ ಸದಸ್ಯರ ಪಟ್ಟಿಗೆ ಇಂಥ ಆಧಾರಗಳೇ ಗತಿ.

ನೆನಪಿಗೆ ಕಾಲವನ್ನು ಹೊಂದಿಸುವುದು ಕಷ್ಟದ ಕೆಲಸ. ಎರಡು ಯುದ್ಧಗಳಲ್ಲಿಯೂ ಜರ್ಮನಿ ಎದುರಾಳಿಯಾಗಿದ್ದುದರಿಂದ ‘ಜರ್ಮನ್ ಯುದ್ಧದಲ್ಲಿ ಸತ್ತ’ ಎಂಬ ಮಾತಿನಿಂದ ಮೊದಲನೆಯದೋ ಎರಡನೆಯದೋ ಗೊತ್ತಾಗುವುದಿಲ್ಲ. ಇಸವಿಯನ್ನು ನೇರವಾಗಿ ಕೇಳುವುದಕ್ಕಿಂತ, ಊರಿನಲ್ಲಿ ಆಗ ನಡೆದ ಬೇರೆ ಸಂಗತಿಗಳನ್ನು ಕೇಳುವುದು ಮೇಲು: 1918ರ ಇನ್‌ಫ್ಲುಯೆಂಜಾ ಬೇನೆಗೆ ಮುಂಚೆಯೋ ಆಮೇಲೋ, ಪಡಿತರದ ಕಾಲವೋ ಅಲ್ಲವೋ, ಆಗ ಊರಗೌಡಿಕೆ ಯಾರದಾಗಿತ್ತು ಎಂಬಂಥವು. ಹಳೆಯ ಜಾತಕ, ಲೆಕ್ಕದ ಪುಸ್ತಕ, ದೇವಸ್ಥಾನದ ಕಾಣಿಕೆ ಬರಹಗಳಲ್ಲಿ ಸಂವತ್ಸರದ ಹೆಸರಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆನಂದ ಸಂವತ್ಸರ 1914ರ ಯುಗಾದಿಗೆ ಆರಂಭವಾಯಿತು. ಅದರ ನಂತರ ರಾಕ್ಷಸ, ನಳ, ಪಿಂಗಳ ಬಂದು ಕಾಳಯುಕ್ತಿಯಲ್ಲಿ, ಅಂದರೆ 1918ರ ನವೆಂಬರಿನಲ್ಲಿ, ಯುದ್ಧ ನಿಂತಿತು. ಎರಡನೆಯ ಯುದ್ಧ ಪ್ರಮಾಥಿಯಲ್ಲಿ ಶುರುವಾಗಿ ಪಾರ್ಥಿವದಲ್ಲಿ ಮುಗಿಯಿತು. ಅರವತ್ತು ವರ್ಷಗಳ ಚಕ್ರದಲ್ಲಿ ಈ ಹೆಸರುಗಳು ಒಂದಕ್ಕೊಂದು ಬೆರೆಯುವುದಿಲ್ಲವಾದ್ದರಿಂದ ಒಂದೇ ಒಂದು ಸಂವತ್ಸರದ ಹೆಸರು ಇಡೀ ಹುಡುಕಾಟದ ದಿಕ್ಕನ್ನು ನಿರ್ಧರಿಸಬಲ್ಲದು.

ಮನೆಯ ಟ್ರಂಕಿನಲ್ಲಿ ಪದಕ ಇದ್ದರೆ ಅದರ ಮುಖವನ್ನು ನೋಡಿ ಸುಮ್ಮನಾಗಬಾರದು, ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು ಮತ್ತು ಪಡೆಯನ್ನು ಒತ್ತಿರುತ್ತಾರೆ. ಸತ್ತವರ ಮನೆಗೆ ಕಳಿಸಿದ ಕಂಚಿನ ದುಂಡು ಫಲಕ ನೋಡಲು ದೊಡ್ಡದಾದರೂ ಅದರಲ್ಲಿ ಹೆಸರಿನ ಹೊರತು ಬೇರೇನೂ ಇರುವುದಿಲ್ಲ. ಚಾವಡಿ, ಶಾಲೆ ಅಥವಾ ಅಗಸೆಯ ಗೋಡೆಯಲ್ಲಿ, ಈ ಹಳ್ಳಿಯಿಂದ 1914–1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ತೆತ್ತರು ಎಂದು ಇಂಗ್ಲಿಷಿನಲ್ಲಿ ಬರೆದ ಸಣ್ಣ ಕಲ್ಲಿನ ಫಲಕ ಇದೆಯೇ ಎಂದೂ ನೋಡಬೇಕು. ಭಾರತದ ಅನೇಕ ಹಳ್ಳಿಗಳಲ್ಲಿ ಒಂದೇ ಮಾದರಿಯಲ್ಲಿ ಇಂಥ ಫಲಕಗಳನ್ನು ಹಾಕಿಸಿದ್ದರು. ಅವುಗಳಲ್ಲಿ ಹೆಸರುಗಳಿಲ್ಲ. ಆದರೂ ಎಷ್ಟು ಜನರನ್ನು ಹುಡುಕಬೇಕು ಎಂಬ ಮಿತಿಯನ್ನು ಅವು ಹಾಕಿಕೊಡುತ್ತವೆ, ಮತ್ತು ನಾವು ಹುಡುಕುತ್ತಿರುವವನ ಜೊತೆಗೆ ಅದೇ ಊರಿನಿಂದ ಹೋಗಿ ತಿರುಗಿ ಬಂದವರು ಇದ್ದರು, ಅವರ ಮನೆಗಳಲ್ಲಿಯೂ ಇವನ ಸುದ್ದಿ ಇರಬಹುದು ಎಂಬುದನ್ನು ನೆನಪಿಸುತ್ತವೆ.

ಹೆಸರಿಗಿಂತ ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಈ ಕೆಲಸದಲ್ಲಿ ಬೇಗನೆ ಕಲಿಯಬೇಕಾದ ಪಾಠ. ಕನ್ನಡದ ಹೆಸರನ್ನು ಮರಾಠಿ ಅಥವಾ ತಮಿಳು ಬಲ್ಲ ಗುಮಾಸ್ತನೊಬ್ಬ ಕೇಳಿ, ಇಂಗ್ಲಿಷಿನಲ್ಲಿ ಬರೆದು, ಅದನ್ನು ಇನ್ನೊಬ್ಬ ನಕಲು ಮಾಡಿ, ಮತ್ತೊಬ್ಬ ಅಚ್ಚಿಗೆ ಕಳಿಸುವಷ್ಟರಲ್ಲಿ ಯಲ್ಲಪ್ಪ ಎಂಬುವನು ಎಲಾಪಾ, ಯೆಲಪಾ, ಯಲ್ಲಾಪಾ ಎಂದು ಮೂರು ಬಗೆಯಾಗಿ ಒಡೆದುಹೋಗಿರುತ್ತಾನೆ. ಹನುಮಂತ, ರಾಮ, ಲಕ್ಷ್ಮಣ ಎಂಬ ಹೆಸರಿನವರು ಒಂದೇ ಪಲ್ಟನಿನಲ್ಲಿ ಹಲವರು ಇರುತ್ತಿದ್ದುದರಿಂದ ಸೈನ್ಯವೇ ಅವರನ್ನು ಸಂಖ್ಯೆಯಿಂದ ಗುರುತಿಸುತ್ತಿತ್ತು. ಆದರೆ ಆ ಸಂಖ್ಯೆ ಆ ರೆಜಿಮೆಂಟಿನ ಒಳಗೆ ಮಾತ್ರ ಅರ್ಥವುಳ್ಳದ್ದು. ಬೇರೆ ರೆಜಿಮೆಂಟಿನಲ್ಲಿ ಅದೇ ಸಂಖ್ಯೆ ಬೇರೊಬ್ಬನದಾಗಿರುತ್ತದೆ. ಸಂಖ್ಯೆ ಮತ್ತು ರೆಜಿಮೆಂಟು ಎರಡೂ ಕೂಡಿದಾಗ ಮಾತ್ರ ಇವನೇ ಅವನು ಎಂದು ಧೈರ್ಯವಾಗಿ ಹೇಳಬಹುದು. ದಾಖಲೆಯಲ್ಲಿರುವ ವಯಸ್ಸನ್ನು ಅಷ್ಟಾಗಿ ನಂಬಬೇಕಿಲ್ಲ. ಹುಟ್ಟಿದ ದಿನದ ಕಾಗದವಿಲ್ಲದ ಯುವಕರ ವಯಸ್ಸನ್ನು ಭರ್ತಿ ಮಾಡಿಕೊಳ್ಳುವವರು ಕಣ್ಣಳತೆಯಲ್ಲಿ ಬರೆದುಕೊಳ್ಳುತ್ತಿದ್ದರು.

ಇಷ್ಟು ಕೈಯಲ್ಲಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಗೆ ಹೋಗಬಹುದು. 1917ರಲ್ಲಿ ರಾಜಶಾಸನದ ಮೂಲಕ ಸ್ಥಾಪನೆಯಾದ ಈ ಸಂಸ್ಥೆ ಎರಡೂ ಯುದ್ಧಗಳಲ್ಲಿ ಮಡಿದವರ ವಿವರಗಳನ್ನು ಉಚಿತವಾಗಿ ನೋಡಲು ಇಟ್ಟಿದೆ. ಮೊದಲ ಯುದ್ಧಕ್ಕೆ ಅದು ಒಪ್ಪಿಕೊಂಡಿರುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31. ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಯುದ್ಧ ನಿಂತ ಮೇಲೆ ಸತ್ತವರೂ ಇದರಲ್ಲಿ ಸೇರಿದ್ದಾರೆ ಎಂಬುದನ್ನು ಗಮನಿಸಬೇಕು. ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿ ಹುಡುಕುವುದು ಸಾಮಾನ್ಯವಾಗಿ ಫಲ ಕೊಡುವುದಿಲ್ಲ. ಭಾರತೀಯ ಸೇನೆ ಎಂಬುದನ್ನು ಆರಿಸಿ, ರೆಜಿಮೆಂಟು ಗೊತ್ತಿದ್ದರೆ ಅದನ್ನು ಕೊಟ್ಟು, ಹೆಚ್ಚಿನ ಮಾಹಿತಿ ಎಂಬ ಅಂಕಣದಲ್ಲಿ ಜಿಲ್ಲೆ ಅಥವಾ ಊರಿನ ಹೆಸರನ್ನು ಆ ಕಾಲದ ಕಾಗುಣಿತದಲ್ಲಿ ಹುಡುಕಿದರೆ ‘ಇಂಥವನ ಮಗ, ಇಂಥ ಊರಿನವನು’ ಎಂಬ ಒಂದು ಸಾಲು ಸಿಗಬಹುದು. ಸಿಕ್ಕ ಫಲಿತಾಂಶಗಳನ್ನು ಒಟ್ಟಾಗಿ ಇಳಿಸಿಕೊಂಡು, ಒಂದೊಂದನ್ನೇ ಗಟ್ಟಿಯಾಗಿ ಓದುತ್ತ ಹೋದರೆ, ಕಣ್ಣಿಗೆ ಗುರುತು ಸಿಗದ ಕಾಗುಣಿತ ಕಿವಿಗೆ ಸಿಗುತ್ತದೆ.

ಊರಿನ ಹೆಸರು ಸಿಕ್ಕ ಮಾತ್ರಕ್ಕೆ ಊರು ಸಿಕ್ಕಂತಲ್ಲ. ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಊರುಗಳು ಎಷ್ಟಿವೆಯೋ! ತಾಲ್ಲೂಕು, ಜಿಲ್ಲೆಗಳ ಗಡಿಗಳೂ ಬದಲಾಗಿವೆ: ದಾಖಲೆಯಲ್ಲಿ ಧಾರವಾಡ ಜಿಲ್ಲೆ ಎಂದಿರುವ ಊರು 1997ರ ನಂತರ ಗದಗಕ್ಕೋ ಹಾವೇರಿಗೋ ಸೇರಿರಬಹುದು, ವಿಜಾಪುರ ಎಂದಿರುವುದು ಬಾಗಲಕೋಟೆಗೆ ಸೇರಿರಬಹುದು. ಕೆಲವು ಊರುಗಳು ಆಲಮಟ್ಟಿ, ಹಿಡಕಲ್, ಲಿಂಗನಮಕ್ಕಿಯಂಥ ಜಲಾಶಯಗಳ ಹಿನ್ನೀರಿನಲ್ಲಿ ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಚದುರಿದ್ದಾರೆ. ಅಂಥ ಊರಿನ ಸಿಪಾಯಿಯನ್ನು ಹುಡುಕುವವರು ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯಿಂದ ಶುರುಮಾಡಿ, ಮುಳುಗಡೆಯ ಪರಿಹಾರದ ಕಡತಗಳ ಮೂಲಕ ಕುಟುಂಬವನ್ನು ತಲುಪಬೇಕಾಗುತ್ತದೆ.

ಸ್ಮಾರಕಗಳ ವಿಷಯದಲ್ಲಿ ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಸಂಶೋಧನೆಯ ದಾರಿಯನ್ನೇ ಬದಲಿಸುತ್ತದೆ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ, ಗೋರಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಸಿಪಾಯಿಗಳದೂ ಸೇರಿಸಿ ಕೆತ್ತಿದ್ದಾರೆ. ಆದರೆ ಇರಾಕಿನ ಬಸ್ರಾದಲ್ಲಿ 1929ರಲ್ಲಿ ಅನಾವರಣವಾದ, 40 ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿಗೆ ನಿಂತ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳೂ ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ಪಲ್ಟನುವಾರು ‘ಇನ್ನೂ ಇಷ್ಟು ಜನ’ ಎಂದು ಬರೀ ಸಂಖ್ಯೆಯಾಗಿ ನಮೂದಿಸಲಾಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949ರ ಸುಮಾರಿನ ಶಾಸನವನ್ನು ಬಲ್ಲವರಿಗೆ ಇದು ಇನ್ನಷ್ಟು ನೋವು ಕೊಡುತ್ತದೆ. ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ನಾಯಿಯ ಹೆಸರು ಕಾಳಿ ಎಂದೂ, ಅದರ ಒಡೆಯ ಮಣಲೇರ ಎಂದೂ ಆ ಕಲ್ಲು ಸಾವಿರ ವರ್ಷಗಳಿಂದ ಹೇಳುತ್ತಿದೆ. ನಮ್ಮ ವೀರಗಲ್ಲುಗಳು ಸತ್ತವನ ಹೆಸರು, ಆತನ ಒಡೆಯ, ಕಾಳಗದ ಕಾರಣ, ಕುಟುಂಬಕ್ಕೆ ಬಿಟ್ಟ ನೆಲ ಇವುಗಳನ್ನು ಬರೆದಿಡುತ್ತಿದ್ದವು; 20ನೆಯ ಶತಮಾನದ ಸಾಮ್ರಾಜ್ಯವೊಂದು ಬಸ್ರಾದಲ್ಲಿ ಅಷ್ಟನ್ನೂ ಮಾಡಲಿಲ್ಲ. 2021ರ ಏಪ್ರಿಲಿನಲ್ಲಿ ಪ್ರಕಟವಾದ ಆಯೋಗದ್ದೇ ವರದಿ ಈ ತಾರತಮ್ಯವನ್ನು ಒಪ್ಪಿಕೊಂಡಿತು. 45 ಸಾವಿರದಿಂದ 54 ಸಾವಿರ ಮಂದಿಯನ್ನು, ಮುಖ್ಯವಾಗಿ ಏಷ್ಯಾ ಮತ್ತು ಆಫ್ರಿಕಾದವರನ್ನು, ಇತರರಿಗೆ ಸಮನಾಗಿ ಸ್ಮರಿಸಲಿಲ್ಲವೆಂದೂ, ಕನಿಷ್ಠ 1,16,000 ಮಂದಿಯನ್ನು, ಪ್ರಾಯಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲೇ ಇಲ್ಲವೆಂದೂ ಅದು ಅಂದಾಜು ಮಾಡಿತು. ಹಾಗಾಗಿ ಸ್ಮಾರಕದ ಚಿತ್ರದಲ್ಲಿ ಹೆಸರು ಕಾಣದಿದ್ದರೆ ಆತ ಅಲ್ಲಿ ಸತ್ತಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಕಲ್ಲಿನ ಮೇಲಿಲ್ಲದ ಹೆಸರು ಆಯೋಗದ ಅಚ್ಚಾದ ಪಟ್ಟಿಯಲ್ಲಿ ಇರಬಹುದು. ದೆಹಲಿಯ ಇಂಡಿಯಾ ಗೇಟಿನ ವಿಷಯದಲ್ಲಿಯೂ ಹೀಗೆಯೇ: ಅದು ಸುಮಾರು 70 ಸಾವಿರ ಮಂದಿಯ ಸ್ಮಾರಕ, ಕೆತ್ತಿರುವ ಹೆಸರುಗಳು 13 ಸಾವಿರಕ್ಕಿಂತ ಸ್ವಲ್ಪ ಹೆಚ್ಚು.

ಗೋರಿಯ ಚಿತ್ರ ಬೇಕೆಂದು ಕುಟುಂಬದವರು ಕೇಳುವುದು ಸಹಜ. ಹಿಂದೂ ಮತ್ತು ಸಿಖ್ ಸೈನಿಕರ ಶವಗಳನ್ನು ಸಾಧ್ಯವಾದಲ್ಲೆಲ್ಲ ದಹನ ಮಾಡುತ್ತಿದ್ದುದರಿಂದ ಅವರಲ್ಲಿ ಬಹಳ ಮಂದಿಗೆ ಗೋರಿ ಇಲ್ಲ, ಸ್ಮಾರಕದಲ್ಲಿ ಹೆಸರಷ್ಟೇ ಇರುತ್ತದೆ. ಇದನ್ನು ಮೊದಲೇ ತಿಳಿಸಿ ಹೇಳಿದರೆ ಮನೆಯವರಿಗೆ ನಿರಾಶೆ ಕಡಿಮೆಯಾಗುತ್ತದೆ.

ಸಾವಿನ ದಿನಾಂಕ ಮತ್ತು ಪಲ್ಟನು ಗೊತ್ತಾದ ಮೇಲೆ ಹುಡುಕಾಟ ನಿಜವಾಗಿ ತೆರೆದುಕೊಳ್ಳುತ್ತದೆ. ಪ್ರತಿಯೊಂದು ಪಲ್ಟನೂ ಯುದ್ಧಭೂಮಿಯಲ್ಲಿ ದಿನಚರಿ ಬರೆಯಬೇಕಾಗಿತ್ತು. ಮೊದಲ ಯುದ್ಧದ ಈ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಸಿಪಾಯಿಯ ಹೆಸರು ಸಿಗುವುದು ತೀರ ಅಪರೂಪ. ಬ್ರಿಟಿಷ್ ಅಧಿಕಾರಿ ಗಾಯಗೊಂಡರೆ ಹೆಸರು ಬರುತ್ತದೆ, ಸಿಪಾಯಿಗಳು ಸತ್ತರೆ ‘ಇತರ ಹುದ್ದೆಯವರು ನಾಲ್ಕು’ ಎಂಬ ಲೆಕ್ಕ ಬರುತ್ತದೆ. ಆದರೆ ಆ ದಿನ ಪಲ್ಟನು ಎಲ್ಲಿತ್ತು, ಬೆಳಿಗ್ಗೆ ಎಷ್ಟು ಗಂಟೆಗೆ ಮುಂದೆ ಸರಿಯಿತು, ನೀರು ಸಿಕ್ಕಿತ್ತೇ, ಮಳೆಯಿತ್ತೇ ಎಂಬುದು ಅದರಲ್ಲಿರುತ್ತದೆ. ಆಯೋಗದ ಪಟ್ಟಿಯಲ್ಲಿ ಅದೇ ದಿನ ಅದೇ ಪಲ್ಟನಿನಲ್ಲಿ ಸತ್ತವರು ನಾಲ್ವರೇ ಇದ್ದು, ಅವರಲ್ಲಿ ನಮ್ಮ ಊರಿನವನು ಒಬ್ಬನಾಗಿದ್ದರೆ, ದಿನಚರಿಯ ಹೆಸರಿಲ್ಲದ ಆ ನಾಲ್ವರಲ್ಲಿ ಅವನೂ ಒಬ್ಬನೆಂದು ನಮಗೆ ಗೊತ್ತಾದಂತೆಯೇ. ಎರಡು ಅರೆಬರೆ ದಾಖಲೆಗಳನ್ನು ಜೋಡಿಸಿ ಒಂದು ಪೂರ್ಣ ಸಂಗತಿಯನ್ನು ಪಡೆಯುವ ಈ ಕ್ರಮವನ್ನು ಕಲಿತವರಿಗೆ ಉಳಿದದ್ದೆಲ್ಲ ತಾಳ್ಮೆಯ ಪ್ರಶ್ನೆ.

110ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು 6ನೆಯ ಪುಣೆ ಡಿವಿಜನ್ನಿನ ಬೆಳಗಾವಿ ಬ್ರಿಗೇಡಿನಲ್ಲಿ ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋಯಿತು. ಆ ಪಲ್ಟನಿನ ಸಿಪಾಯಿ ಸತ್ತ ದಿನ 1915ರ ನವೆಂಬರ್ 22 ಆಗಿದ್ದರೆ ಆತ ಬಾಗ್ದಾದಿನ ದಕ್ಷಿಣಕ್ಕಿರುವ ಟೆಸಿಫಾನ್ ಕಾಳಗದಲ್ಲಿ ಬಿದ್ದಿರುವ ಸಂಭವವೇ ಹೆಚ್ಚು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರ ನಡುವಿನ ದಿನವಾಗಿದ್ದರೆ ಕುತ್ ಪಟ್ಟಣದ ಮುತ್ತಿಗೆಯೊಳಗೆ ಗುಂಡಿನಿಂದಲೋ ಹಸಿವಿನಿಂದಲೋ ರೋಗದಿಂದಲೋ ಸತ್ತಿರಬೇಕು. ಆ ಮುತ್ತಿಗೆಯಲ್ಲಿ ಕುದುರೆ ಮಾಂಸವನ್ನು ತಿನ್ನಲು ಅನೇಕ ಭಾರತೀಯ ಸಿಪಾಯಿಗಳು ಬಹುಕಾಲ ಒಪ್ಪಿರಲಿಲ್ಲ ಎಂಬುದು ಇತಿಹಾಸದಲ್ಲಿ ದಾಖಲಾಗಿದೆ. ಅವರ ದೇಹಸ್ಥಿತಿ ಎಷ್ಟು ಕುಸಿದಿತ್ತೆಂದು ಇದರಿಂದ ಊಹಿಸಬಹುದು. ದಿನಾಂಕ 1916ರ ಮೇ ತಿಂಗಳಿನ ನಂತರದ್ದಾಗಿದ್ದರೆ, ಶರಣಾದ ಸುಮಾರು 13 ಸಾವಿರ ಮಂದಿಯೊಡನೆ ಮರುಭೂಮಿಯಲ್ಲಿ ನಡೆದು ತುರ್ಕರ ಸೆರೆಯಲ್ಲಿ ಸತ್ತನೇ ಎಂದು ಕೇಳಿಕೊಳ್ಳಬೇಕು. ಸೆರೆಯಲ್ಲಿ ಸತ್ತವರ ದಿನಾಂಕವನ್ನು ಎಷ್ಟೋ ಸಲ ಬಹಳ ಕಾಲದ ನಂತರ, ಬದುಕಿ ಬಂದವರ ಹೇಳಿಕೆಯ ಮೇಲೆ ಅಥವಾ ಕೇವಲ ಅನುಮಾನದ ಮೇಲೆ ಬರೆದಿದ್ದಾರೆ. ಒಂದೇ ಪಲ್ಟನು, ಮೂರು ದಿನಾಂಕಗಳು, ಒಂದಕ್ಕೊಂದು ಹೋಲಿಕೆಯಿಲ್ಲದ ಮೂರು ಸಾವುಗಳು.

1922ರಲ್ಲಿ ಭಾರತೀಯ ಸೇನೆಯನ್ನು ಪುನರ್ರಚಿಸಿದಾಗ ಪಲ್ಟನುಗಳ ಹಳೆಯ ಸಂಖ್ಯೆಗಳು ಹೋದವು. ಈ 110ನೆಯದು 5ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೆಯ ಬೆಟಾಲಿಯನ್ ಆಯಿತು. ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಮದ್ರಾಸ್ ಸ್ಯಾಪರ್ಸ್ ಪರಂಪರೆಯ ಕೇಂದ್ರ ಬೆಂಗಳೂರಿನ ಹಲಸೂರಿನಲ್ಲಿದೆ. ಆದರೆ ಕರ್ನಾಟಿಕ್ ಇನ್‌ಫೆಂಟ್ರಿ ಎಂಬ ಹೆಸರಿದ್ದ ಹಳೆಯ ಮದ್ರಾಸ್ ಪಲ್ಟನುಗಳಿಗೆ ಆ ಭಾಗ್ಯವಿಲ್ಲ. 1920ರ ದಶಕ ಮುಗಿಯುವುದರೊಳಗೆ ಅವುಗಳನ್ನು ವಿಸರ್ಜಿಸಿಬಿಟ್ಟರು, ಮದ್ರಾಸ್ ರೆಜಿಮೆಂಟ್ ಮತ್ತೆ ಹುಟ್ಟಿದ್ದು 1941ರಲ್ಲಿ. ನಡುವಿನ ಈ ಬಿರುಕಿನಲ್ಲಿ ನೆನಪನ್ನು ಮುಂದುವರಿಸುವ ಮೆಸ್ಸು, ಗ್ರಂಥಾಲಯ, ವಾರ್ಷಿಕ ಸ್ಮರಣೆ ಎಲ್ಲವೂ ಕಡಿದುಹೋದವು.

ಮೈಸೂರು ಸಂಸ್ಥಾನದ ಪಡೆಗಳ ದಾರಿ ಬೇರೆ. ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳೊಂದಿಗೆ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಸೇವೆ ಸಲ್ಲಿಸಿತು; 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ದಾಳಿಯಲ್ಲಿ ಅದರ ಪಾಲಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆ ಪ್ರದೇಶದಲ್ಲಿ ಮಡಿದು ಗೋರಿ ಗೊತ್ತಿಲ್ಲದ ಭಾರತೀಯರಿಗಾಗಿ ಮೊದಲು ಪೋರ್ಟ್ ತೌಫೀಕಿನಲ್ಲಿದ್ದ ಸ್ಮಾರಕ ಅರಬ್–ಇಸ್ರೇಲ್ ಸಂಘರ್ಷದಲ್ಲಿ ಹಾನಿಗೊಂಡಿದ್ದರಿಂದ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸಮಾಧಿಭೂಮಿಯಲ್ಲಿ ಸುಮಾರು 4,000 ಹೆಸರುಗಳೊಂದಿಗೆ ಹೊಸದನ್ನು ನಿಲ್ಲಿಸಿದರು. ಈ ಪಡೆಗೆ ಸಂಬಳ ಕೊಡುತ್ತಿದ್ದುದು ಮೈಸೂರು ಸರ್ಕಾರವಾದ್ದರಿಂದ ಭರ್ತಿ, ಪಿಂಚಣಿ, ಕುಟುಂಬಗಳಿಗೆ ಕೊಟ್ಟ ನೆರವು ಇವುಗಳ ಕಾಗದಗಳನ್ನು ಲಂಡನ್ನಿಗಿಂತ ಮೊದಲು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ, ಸಂಸ್ಥಾನದ ಕಡತಗಳಲ್ಲಿ, ವಾರ್ಷಿಕ ಆಡಳಿತ ವರದಿಗಳಲ್ಲಿ ಹುಡುಕಬೇಕು.

ಇದೇ ತರ್ಕವನ್ನು ಉಳಿದ ಕನ್ನಡ ಸೀಮೆಗಳಿಗೂ ಅನ್ವಯಿಸಬೇಕಾಗುತ್ತದೆ, ಮತ್ತು ಕನ್ನಡಿಗ ಸಂಶೋಧಕರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. 1956ರ ನವೆಂಬರ್ 1ಕ್ಕೆ ಮುಂಚೆ ನಮ್ಮ ಹಳ್ಳಿಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆಯವರ ಕಡತಗಳು ಮುಂಬೈ ಪ್ರಾಂತ್ಯದವು, ಅವುಗಳ ಮೇಲಿನ ಹಂತದ ಕಾಗದಗಳು ಮುಂಬೈಯ ಪತ್ರಾಗಾರದಲ್ಲಿವೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡದವು ಮದ್ರಾಸಿನವು, ಈಗ ಚೆನ್ನೈಯ ಎಗ್ಮೋರಿನಲ್ಲಿ ಹುಡುಕಬೇಕಾದವು. ಕಲಬುರಗಿ, ರಾಯಚೂರು, ಬೀದರಿನವು ನಿಜಾಮರ ಸರ್ಕಾರದವು, ಬಹುಪಾಲು ಉರ್ದುವಿನಲ್ಲಿ, ಹೈದರಾಬಾದಿನಲ್ಲಿ. ಕೊಡಗು ಬೇರೆಯೇ ಒಂದು ಪ್ರಾಂತ್ಯವಾಗಿತ್ತು. ಹಳ್ಳಿಯ ಮಟ್ಟದ ಕಂದಾಯ ದಾಖಲೆಗಳು ಮಾತ್ರ ಹೆಚ್ಚಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿಯೇ ಉಳಿದಿವೆ. ಯುದ್ಧ ಮುಗಿದ ಒಂದೆರಡು ವರ್ಷಗಳಲ್ಲಿ ಸಿಪಾಯಿಯ ಹೆಸರಿನಿಂದ ಆತನ ವಿಧವೆಗೋ ತಮ್ಮನಿಗೋ ಜಮೀನು ಬದಲಾದ ಹಕ್ಕು ಬದಲಾವಣೆಯ ಒಂದು ನಮೂದು ಸಿಕ್ಕರೆ, ಆತ ಯಾವ ಸರ್ವೆ ನಂಬರನ್ನು ಉಳುತ್ತಿದ್ದ, ಕುಟುಂಬಕ್ಕೆ ಎಷ್ಟು ಎಕರೆ ಇತ್ತು, ಸಾಲದ ಹೊರೆ ಇತ್ತೇ ಎಂಬುದೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತದೆ. ದಂಡಿಗೆ ಏಕೆ ಹೋದ ಎಂಬ ಪ್ರಶ್ನೆಗೆ ಉತ್ತರ ಯುದ್ಧದ ಇತಿಹಾಸದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ಪುಟಗಳಲ್ಲಿದೆ ಎಂದು ನಾನು ನಂಬುತ್ತೇನೆ.

ದಾಖಲೆ ಮತ್ತು ಮನೆಯ ಮಾತು ಹೊಂದದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಎದೆಗೆ ಗುಂಡು ತಗುಲಿ ಸತ್ತನೆಂದು ಮನೆಯಲ್ಲಿ ಮೂರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುತ್ತಾರೆ, ಕಾಗದದಲ್ಲಿ ನ್ಯುಮೋನಿಯಾ ಅಥವಾ ರಕ್ತಭೇದಿ ಎಂದಿರುತ್ತದೆ. ಮೆಸಪೊಟೇಮಿಯಾದಂಥ ರಣರಂಗದಲ್ಲಿ ಬಿಸಿಲು, ಕೊಳಕು ನೀರು, ಮಲೇರಿಯಾ, ಕಾಲರಾ ಅಪಾರ ಜನರನ್ನು ಕೊಂದವು; ಅವರೆಲ್ಲರೂ ಯುದ್ಧದಲ್ಲಿಯೇ ಸತ್ತವರು, ಯುದ್ಧ ಇಲ್ಲದಿದ್ದರೆ ಆ ನೆಲಕ್ಕೆ ಹೋಗುತ್ತಲೇ ಇರಲಿಲ್ಲ. ಇದನ್ನು ಮನೆಯವರಿಗೆ ಗೌರವದಿಂದ, ಅವಸರವಿಲ್ಲದೆ ತಿಳಿಸಬೇಕು, ಮತ್ತು ಬರೆಯುವಾಗ ಕಾಗದ ಹೇಳುವುದು ಇದು, ಕುಟುಂಬದ ನೆನಪು ಹೇಳುವುದು ಇದು ಎಂದು ಎರಡನ್ನೂ ಬೇರೆಬೇರೆಯಾಗಿ ಇಡಬೇಕು. ಕುಟುಂಬದ ನೆನಪು ತಪ್ಪಾಗಿದ್ದರೂ ವ್ಯರ್ಥವಲ್ಲ. ದೂರದ ಸಾವನ್ನು ಒಂದು ಮನೆ ಹೇಗೆ ಅರಗಿಸಿಕೊಂಡಿತು ಎಂಬುದಕ್ಕೆ ಅದೇ ಸಾಕ್ಷಿ. ಓಡಿಹೋದದ್ದು, ಶಿಕ್ಷೆಗೆ ಗುರಿಯಾದದ್ದು, ಆತ್ಮಹತ್ಯೆ ಮಾಡಿಕೊಂಡದ್ದು ದಾಖಲೆಯಲ್ಲಿ ಕಂಡರೆ ಬದುಕಿರುವವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಸರಿಯಲ್ಲ.

ಎರಡನೆಯ ಮಹಾಯುದ್ಧದಲ್ಲಿ ಇನ್ನೊಂದು ತೊಡಕು ಸೇರುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಮೈಸೂರು ಇನ್‌ಫೆಂಟ್ರಿಯೂ ಅಲ್ಲಿತ್ತು. ಸೆರೆಯಾದ ಭಾರತೀಯರಲ್ಲಿ ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು, ಸೇರದವರಲ್ಲಿ ಅನೇಕರನ್ನು ಜಪಾನಿಯರು ನ್ಯೂ ಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗಾಗಿ ಒಯ್ದರು. ಒಬ್ಬನೇ ಸಿಪಾಯಿಯ ಹೆಸರು ಮೊದಲು ಬ್ರಿಟಿಷ್ ಇಂಡಿಯನ್ ಸೇನೆಯ ಕಾಣೆಯಾದವರ ಪಟ್ಟಿಯಲ್ಲಿಯೂ ಆಮೇಲೆ ಬೇರೆ ಕಡೆಯ ಕಾಗದಗಳಲ್ಲಿಯೂ ಕಾಣಿಸಿಕೊಳ್ಳಬಹುದಾದ್ದರಿಂದ, ಸಿಂಗಪುರದ ಕ್ರಾಂಜಿಯ ಸ್ಮಾರಕದ 24 ಸಾವಿರಕ್ಕೂ ಮಿಕ್ಕ ಹೆಸರುಗಳನ್ನು ನೋಡಿ ಅಷ್ಟಕ್ಕೇ ನಿಲ್ಲಬಾರದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿರುವ ಆಜಾದ್ ಹಿಂದ್ ಫೌಜಿನ ಕಡತಗಳನ್ನೂ ನೋಡಬೇಕು.

ಸ್ವಾತಂತ್ರ್ಯದ ನಂತರ 1947–48, 1962, 1965, 1971 ಮತ್ತು 1999ರ ಯುದ್ಧಗಳಲ್ಲಿ ಮಡಿದವರ ವಿಷಯದಲ್ಲಿ ಹೆಸರು ಸಿಗುವುದು ಸುಲಭ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಸುಮಾರು 26 ಸಾವಿರ ಹೆಸರುಗಳಿವೆ, ಅಂತರ್ಜಾಲದಲ್ಲಿಯೂ ಹುಡುಕಬಹುದು. ಸಿಪಾಯಿಯ ಸೇವಾ ದಾಖಲೆ ಆತನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಹತ್ತಿರದ ಸಂಬಂಧಿಕರು ಪಿಂಚಣಿ ಆದೇಶದ ಪ್ರತಿಯೊಂದಿಗೆ ಬರೆದುಕೊಂಡರೆ ಕೆಲಸ ಬೇಗ ಆಗುತ್ತದೆ, ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದಕ್ಕೆ ನೆರವಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ 8(3)ನೆಯ ಕಲಮಿನ ಪ್ರಕಾರ, ಅರ್ಜಿ ಹಾಕುವ ದಿನಕ್ಕೆ ಇಪ್ಪತ್ತು ವರ್ಷ ಮುಂಚೆ ನಡೆದ ಘಟನೆಯ ಮಾಹಿತಿಯನ್ನು, ದೇಶದ ಭದ್ರತೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಕೊಡಬೇಕಾಗುತ್ತದೆ. 2021ರ ಜೂನಿನಲ್ಲಿ ರಕ್ಷಣಾ ಸಚಿವಾಲಯ ತಂದ ನೀತಿಯಂತೆ ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಕ್ಕೆ ತರಬೇಕು. ಶಾಲೆಯ ದಾಖಲಾತಿ ಪುಸ್ತಕ, ಮತದಾರರ ಪಟ್ಟಿ, ಅಂದಿನ ಕನ್ನಡ ಪತ್ರಿಕೆಗಳ ಜಿಲ್ಲಾ ಸುದ್ದಿ ಇವೆಲ್ಲ ಈ ತಲೆಮಾರಿನವರಿಗೆ ಸಿಗುತ್ತವೆ.

ಎದುರಾಳಿ ದೇಶದಲ್ಲಿ ಬರೆದದ್ದನ್ನೂ ಓದಬೇಕು ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗಿಂತ ದೊಡ್ಡ ಉದಾಹರಣೆ ಇಲ್ಲ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಮರಳದ ಅವರನ್ನು ಬಹುಕಾಲ ಕಾಣೆಯಾದವರೆಂದೇ ಎಣಿಸಲಾಗಿತ್ತು. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಎದುರಿಸಿ ಉರುಳಿಸಿದ್ದರು ಎಂಬುದು ಬೆಳಕಿಗೆ ಬಂದದ್ದು, ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬ್ರಿಟಿಷ್ ಬರಹಗಾರರೊಬ್ಬರು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅಧಿಕಾರಿಯೊಬ್ಬರ ವಿಷಯದಲ್ಲಿಯೇ ಇಷ್ಟು ಕಾಲ ಹಿಡಿದಿದ್ದರೆ, ಸಿಪಾಯಿಯ ಕಡತದಲ್ಲಿರುವ ‘ಕಾಣೆ’ ಎಂಬ ಒಂದು ಪದವನ್ನು ಕೊನೆಯ ಮಾತೆಂದು ನಾವು ಒಪ್ಪಿಕೊಳ್ಳಬೇಕಾಗಿಲ್ಲ.

ಸಂಗ್ರಹಿಸಿದ್ದನ್ನು ಬರೆದು ಮುಗಿಸಿದ ಮೇಲೆ ಮಾಡಬೇಕಾದ ಕೆಲಸ ಒಂದಿದೆ. ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರಿನ ಕಾಗುಣಿತ, ತಂದೆಯ ಹೆಸರು, ಊರು ತಪ್ಪಾಗಿದ್ದರೆ ಅಥವಾ ಸಿಪಾಯಿಯ ಹೆಸರೇ ಬಿಟ್ಟುಹೋಗಿದ್ದರೆ, ಆಧಾರಗಳ ಸಮೇತ ಬರೆದರೆ ಅದು ಪರಿಶೀಲಿಸಿ ತಿದ್ದುತ್ತದೆ. ತಿದ್ದುಪಡಿಗೆ ಆಗಿನ ಕಾಲದ ಅಧಿಕೃತ ಕಾಗದ ಬೇಕು: ಪದಕದ ಅಂಚಿನ ಸ್ಪಷ್ಟ ಚಿತ್ರ, ಪಿಂಚಣಿ ಕಾಗದ, ಹಕ್ಕು ಬದಲಾವಣೆಯ ದೃಢೀಕೃತ ನಕಲು ಮತ್ತು ಅದರ ಇಂಗ್ಲಿಷ್ ಅನುವಾದ. ಇವುಗಳ ಒಂದೊಂದು ಪ್ರತಿಯನ್ನು ಕುಟುಂಬಕ್ಕೂ ಊರಿನ ಗ್ರಂಥಾಲಯಕ್ಕೂ ಕೊಟ್ಟು, ಪ್ರತಿಯೊಂದು ಸಂಗತಿಯ ಎದುರಿಗೂ ಅದು ಎಲ್ಲಿಂದ ಬಂತು ಎಂದು ಬರೆದಿಟ್ಟರೆ, ಅದೇ ಊರಿನ ಎರಡನೆಯ ಸಿಪಾಯಿಯನ್ನು ಹುಡುಕುವವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿ ಬರುವುದಿಲ್ಲ.